ಅಲ್ಲಾಡದೆ ಕೂತವರು

ಮಾರ್ಚ್ ೩

ಪ್ರೀತಿಯ ಗೂಬೆ,

ನಿಮ್ಮ ವಾರಪತ್ರಿಕೆ ಇವತ್ತು ಬಂತು. ಅರ್ಧ ಹೊಲಿದ ಲಂಗವನ್ನು ಯಂತ್ರದ ಮೇಲೆ ಹಾಗೇ ಬಿಟ್ಟು, ಕನ್ನಡಕ ಒರೆಸಿಕೊಂಡು ಓದಿದೆ. 'ಮೈ ಜುಮ್ಮೆನ್ನಿಸಿದ ಐವತ್ತು ಸಿನಿಮಾಗಳು.' ಮೇಲಿನಿಂದ ಕೆಳಕ್ಕೆ ಒಂದು ಸಲ, ಕೆಳಗಿನಿಂದ ಮೇಲಕ್ಕೆ ಇನ್ನೊಂದು ಸಲ. ಬ್ರೇಕು ಹಿಡಿಯದ ರೈಲು ಇದೆ, ಬ್ಯಾಂಕು ಒಡೆಯುವವರಿದ್ದಾರೆ, ದೆವ್ವಗಳಂತೂ ಸಂಸಾರ ಸಮೇತ ಬಂದು ಕೂತಿವೆ. ಮೊಸಳೆಯ ಸಿನಿಮಾವೇ ಎರಡು. ಆದರೆ ಆಕಾಶಕ್ಕೆ ಹಾರಿದ್ದು ಒಂದೂ ಇಲ್ಲ. ಬೇರೆ ಗ್ರಹ ಇಲ್ಲ, ಯಂತ್ರಮಾನವ ಇಲ್ಲ, ಇನ್ನೂ ಬರದ ಕಾಲದ ಕಥೆ ಒಂದಾದರೂ ಇಲ್ಲ. ವಿಜ್ಞಾನ ಕಥೆಯ ಸಿನಿಮಾ ಅಂತ ಒಂದು ಇದೆ ಎನ್ನುವುದೇ ನಿಮ್ಮ ಕಚೇರಿಗೆ ಗೊತ್ತಿಲ್ಲವೋ ಏನೋ.

ನಿನ್ನ ಭಾವನ ಸಿನಿಮಾ ಇಲ್ಲವಲ್ಲ ಎಂದು ಬರೆಯುತ್ತಿದ್ದೇನೆ ಅಂತ ತಿಳಿಯಬೇಡ. ಅದು ಇಲ್ಲದಿದ್ದರೂ ಪರವಾಗಿಲ್ಲ, ಆ ಬಗೆಯದು ಒಂದಾದರೂ ಇರಬೇಕಿತ್ತು ಎಂದಷ್ಟೇ ನನ್ನ ಮಾತು.

ಇಷ್ಟು ಬರೆದು ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ಸುಳ್ಳು ಬರೆದರೆ ನನಗೆ ಬಾಯಿ ಒಣಗುತ್ತದೆ. ಅದು ಇರಬೇಕಿತ್ತು, ತಮ್ಮಾ. ಯಾಕೆಂದು ನಿನಗೂ ಗೊತ್ತು. ಜೂನ್ ಮುಗಿಯುವುದರೊಳಗೆ ರೀಲುಗಳ ಗೋದಾಮು ಖಾಲಿಯಾಗುತ್ತದೆ. ನಿಮ್ಮ ಪಟ್ಟಿಯಲ್ಲಿರುವ ಸಿನಿಮಾಗಳನ್ನು ಚಿತ್ರ ಭಂಡಾರದವರು ಒಯ್ದು, ತೊಳೆದು, ರಿಪೇರಿ ಮಾಡಿ ಇಟ್ಟುಕೊಳ್ಳುತ್ತಾರೆ. ಉಳಿದದ್ದು ಕಸಕ್ಕೆ. ಭಾವನ ಸಿನಿಮಾದ ಪ್ರತಿಗಳು ಅಲ್ಲಲ್ಲಿ ಕೊಳೆತು ಹೋಗಿ, ಈಗ ಉಳಿದಿರುವುದು ಆ ಗೋದಾಮಿನಲ್ಲಿರುವುದೊಂದೇ. ಅವರು ಜೀವಮಾನದಲ್ಲಿ ಮಾಡಿದ್ದು ಒಂದೇ ಸಿನಿಮಾ. ಅದು ಅವರ ಕಣ್ಣೆದುರಿಗೇ ಕಸವಾಗುವುದನ್ನು ನಾನು ನೋಡಲಾರೆ.

ಪಟ್ಟಿಯನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಏನೂ ಹೇಳಲಿಲ್ಲ. ಈಚೆಗೆ ಅವರ ಮಾತು ಕಡಿಮೆ.

ಪಟ್ಟಿ ಮಾಡುವವನು ನೀನು. ಯಾಕೆ ಹೀಗಾಯಿತೆಂದು ನೆಟ್ಟಗೆ ಬರೆ.

ಅಕ್ಕ


ಮಾರ್ಚ್ ೧೨

ಅಕ್ಕ,

ನೀನು ಕಚೇರಿಯ ವಿಳಾಸಕ್ಕೆ ಬರೆದಿದ್ದರಿಂದ ಕಾಗದ ನನ್ನ ಮೇಜಿಗೆ ಬರುವ ಹೊತ್ತಿಗೆ ನಾಲ್ಕು ಕೈ ದಾಟಿತ್ತು. ಚಿಕ್ಕಂದಿನಲ್ಲಿ ಮೆಟ್ಟಿಲ ಮೇಲೆ ಕೂತು ಹೋಗುವವರ ಬರುವವರ ಮುಖವನ್ನೇ ನೋಡುತ್ತಿದ್ದೆನೆಂದು ಅಪ್ಪ ಇಟ್ಟ 'ಗೂಬೆ' ಎಂಬ ಹೆಸರು ಈಗ ಇಲ್ಲಿಯೂ ಚಾಲ್ತಿಗೆ ಬಂದಿದೆ. ಇನ್ನು ಮುಂದೆ ಮನೆಗೇ ಬರೆ.

ನೀನು ತಪ್ಪು ತಿಳಿದಿದ್ದೀಯ. ನಾನು ಪಟ್ಟಿ ಮಾಡುವವನಲ್ಲ, ಎಣಿಸುವವನು. ಪತ್ರಿಕೆ ಶುರುಮಾಡಿದ ದೊಡ್ಡ ಸಂಪಾದಕರು ಹೇಳುತ್ತಿದ್ದ ಮಾತೊಂದಿದೆ: "ಜನರನ್ನ ಕೇಳಿದ್ರೆ ಸುಳ್ಳು ಹೇಳ್ತಾರೆ ಕಣ್ರೀ. ಅವರ ಮೈನ ಕೇಳಿ, ಅದು ಸುಳ್ಳು ಹೇಳಲ್ಲ." ಅದಕ್ಕೆ ಅವರೇ ಒಂದು ಕ್ರಮ ಹಾಕಿಕೊಟ್ಟರು. ಸ್ಪರ್ಧೆಯಲ್ಲಿರುವ ಪ್ರತಿ ಸಿನಿಮಾವನ್ನೂ ಒಂದು ಸಣ್ಣ ಚಿತ್ರಮಂದಿರದಲ್ಲಿ ಬೀದಿಯ ಜನರನ್ನು ಕರೆದು ತೋರಿಸುತ್ತೇವೆ. ಪರದೆಯ ಕೆಳಗೆ ಒಂದು ಬೆಂಚು. ಅದರ ಮೇಲೆ ನಾವು ಮೂವರು ಪರದೆಗೆ ಬೆನ್ನು ಹಾಕಿ, ಜನರಿಗೆ ಮುಖ ಮಾಡಿ ಕೂರುತ್ತೇವೆ. ಕೈಯಲ್ಲಿ ಒತ್ತಿದರೆ ಟಕ್ಕೆನ್ನುವ ಎಣಿಕೆ ಯಂತ್ರ. ಯಾರಾದರೂ ಬೆಚ್ಚಿದರೆ ಒಂದು, ಕಿರುಚಿದರೆ ಒಂದು, ಕುರ್ಚಿಯ ಕೈ ಹಿಡಿದುಕೊಂಡರೆ ಒಂದು, ಪಕ್ಕದವರನ್ನು ತಬ್ಬಿಕೊಂಡರೆ ಒಂದು. ಹೆಚ್ಚು ಬಂದದ್ದು ಮೇಲೆ, ಕಡಿಮೆ ಬಂದದ್ದು ಕೆಳಗೆ. ಇದರಲ್ಲಿ ನಮ್ಮ ಇಷ್ಟಾನಿಷ್ಟಕ್ಕೆ ಎಳ್ಳಷ್ಟೂ ಜಾಗವಿಲ್ಲ. ಇಷ್ಟು ವರ್ಷ ಈ ಕೆಲಸ ಮಾಡಿದ್ದೇನೆ, ಯಾವ ಸಿನಿಮಾವನ್ನೂ ನೋಡಿಲ್ಲ. ನೋಡುವವರನ್ನು ನೋಡಿದ್ದೇನೆ.

ವಿಜ್ಞಾನ ಕಥೆಗಳನ್ನು ನಾವು ಬಿಟ್ಟಿಲ್ಲ. ಒಂದೊಂದನ್ನೂ ತೋರಿಸಿದೆವು. ಎಣಿಕೆ ಬರಲಿಲ್ಲ. ಭಾವನ ಸಿನಿಮಾದ ದಿನ, ಸಂಬಂಧಿಕ ಎಂಬ ಕಾರಣಕ್ಕೆ ನಾನೇ ಬೆಂಚಿನಿಂದ ಎದ್ದು ಹೊರಗೆ ಕೂತೆ. ಉಳಿದಿಬ್ಬರು ಎಣಿಸಿದರು. ಎಲ್ಲಕ್ಕಿಂತ ಕಡಿಮೆ ಬಂದದ್ದು ಅದಕ್ಕೇ. ಇದನ್ನು ಬರೆಯಲು ನನಗೆ ಸಂತೋಷವಿಲ್ಲ, ಆದರೆ ನೆಟ್ಟಗೆ ಬರೆ ಎಂದೆಯಲ್ಲ.

ನಿನ್ನನ್ನು ಒಂದು ಮಾತು ಕೇಳಬೇಕು. ನಿನ್ನ ಕಾಗದದ ಕೆಳಗೆ ಭಾವ ಯಾವಾಗಲೂ ಹಸಿರು ಶಾಯಿಯಲ್ಲಿ ಒಂದು ಸಾಲು ಗೀಚುತ್ತಿದ್ದರು. 'ನಿನ್ನ ಅಕ್ಕ ಬರೆದಿದ್ದರಲ್ಲಿ ಅರ್ಧ ನಂಬು' ಅಂತ ಏನಾದರೂ. ಈ ಸಲ ಇಲ್ಲ. ಹಳೆಯ ಕಾಗದಗಳನ್ನು ತೆಗೆದು ನೋಡಿದೆ, ಜನವರಿಯಿಂದಲೇ ಇಲ್ಲ. ನಾವು ಸಿನಿಮಾ ತೋರಿಸಿ ಎಣಿಸಿದ್ದೂ ಜನವರಿಯಲ್ಲೇ. ಯಾರೋ ಅವರ ಕಿವಿಗೆ ಹಾಕಿರಬೇಕು. ನನ್ನ ಮೇಲೆ ಅವರಿಗೆ ಬೇಸರವೇ?

ತಮ್ಮ


ಮಾರ್ಚ್ ೨೪

ಗೂಬೆ,

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಿನಿಮಾಕ್ಕೆ ಬೆನ್ನು ಹಾಕಿ ಕೂತು ಸಿನಿಮಾ ಅಳೆಯುವ ಜನ ನೀವು. ನಾನು ಗಿರಾಕಿಗೆ ಬೆನ್ನು ಹಾಕಿ ಕೂತು ರವಿಕೆಯ ಅಳತೆ ತೆಗೆದರೆ ಅವಳು ನನ್ನನ್ನು ಸುಮ್ಮನೆ ಬಿಡುತ್ತಾಳೆಯೇ?

ಭಾವನ ಸಿನಿಮಾದಲ್ಲಿ ಹಗ್ಗದ ಭಾಗ ಅಂತ ಒಂದಿದೆ, ಅದು ನಿನಗೆ ಗೊತ್ತಿಲ್ಲ. ಆಗ ನೀನು ದೂರದ ಊರಿನಲ್ಲಿ ಓದುತ್ತಿದ್ದೆ. ಹಾಗಾಗಿ ಹೇಳುತ್ತೇನೆ, ಕೇಳು. ಗಗನಯಾತ್ರಿಯ ಅಂಗಿ ಹೊಲಿದವಳು ನಾನು. ಹೊಸ ಬಟ್ಟೆ ಕೊಳ್ಳುವ ಚೈತನ್ಯ ಇರಲಿಲ್ಲ, ನಮ್ಮ ಮದುವೆಯಲ್ಲಿ ಬಂದ ಎರಡು ರಜಾಯಿ ಬಿಚ್ಚಿ ಹೊಲಿದೆ. ಪಾತ್ರಧಾರಿ ಅದರೊಳಗೆ ಬೆಂದುಹೋಗಿ ಎರಡು ಸಲ ತಲೆಸುತ್ತಿ ಬಿದ್ದ. ನಕ್ಷತ್ರಗಳೂ ನನ್ನವೇ. ಕರಿ ಬಟ್ಟೆಗೆ ಸೂಜಿಯಿಂದ ತೂತು ಚುಚ್ಚಿ ಹಿಂದೆ ದೀಪ ಇಟ್ಟರು. ಬೆರಳೆಲ್ಲ ಜರಡಿಯಾಯಿತು.

ಆ ಗಗನಯಾತ್ರಿ ನೌಕೆಯ ಹೊರಗೆ ಏನೋ ರಿಪೇರಿ ಮಾಡುತ್ತಿರುತ್ತಾನೆ. ಅವನನ್ನು ನೌಕೆಗೆ ಕಟ್ಟಿದ ಹಗ್ಗ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ನಿನ್ನ ಭಾವ ಶಬ್ದವನ್ನೆಲ್ಲ ತೆಗೆದುಬಿಟ್ಟರು. ಸಂಗೀತ ಇಲ್ಲ, ಕೂಗು ಇಲ್ಲ, ಏನೂ ಇಲ್ಲ. ಹಣ ಹಾಕಿದವನು ಬಂದು ತಲೆ ಚಚ್ಚಿಕೊಂಡ. "ಒಂದು ಡೋಲಾದ್ರೂ ಬಾರಿಸ್ರೀ, ಜನ ಎದ್ದು ಹೋಗ್ತಾರೆ" ಅಂದ. ಇವರು, "ಅಲ್ಲಿ ಗಾಳಿನೇ ಇಲ್ಲ ಸ್ವಾಮಿ, ಶಬ್ದ ಎಲ್ಲಿಂದ ತರ್ಲಿ?" ಅಂದರು. ಕಡೆಗೆ ಅವನ ಕೈ ನೌಕೆಯ ಒಂದು ಕೊಕ್ಕೆಗೆ ಸಿಗುತ್ತದೆ. ಆಗ ಅವನ ಉಸಿರು ಕೇಳಿಸುತ್ತದೆ, ಅಷ್ಟೇ.

ಮೊದಲ ಪ್ರದರ್ಶನದ ದಿನ ನಾನು ಹಿಂದೆ ಬಾಗಿಲ ಹತ್ತಿರ ನಿಂತಿದ್ದೆ. ಬರೀ ತಲೆಗಳ ಹಿಂಭಾಗ ಕಾಣುತ್ತಿತ್ತು. ಒಂದು ತಲೆಯೂ ಅಲ್ಲಾಡಲಿಲ್ಲ. ಮುಗಿದ ಮೇಲೆ ಚಪ್ಪಾಳೆ ಇಲ್ಲ, ಮಾತಿಲ್ಲ, ಎಲ್ಲರೂ ಸುಮ್ಮನೆ ಚಪ್ಪಲಿ ಹುಡುಕಿಕೊಂಡು ಹೊರಟರು. ಭಾವ ನನ್ನ ಪಕ್ಕದಲ್ಲೇ ಇದ್ದರು. "ನಿದ್ದೆ ಹೋಗಿದ್ರು ಅನ್ಸುತ್ತೆ" ಅಂದರು. ವಾರಕ್ಕೇ ಚಿತ್ರಮಂದಿರದವರು ಸಿನಿಮಾ ಎತ್ತಿಬಿಟ್ಟರು. ಆಮೇಲೆ ಅವರು ಸೋಪಿನ ಜಾಹೀರಾತು ಮಾಡಿದರು, ಟೂತ್‌ಪೇಸ್ಟಿನದು ಮಾಡಿದರು, ಇನ್ನೊಂದು ಸಿನಿಮಾದ ಹೆಸರೆತ್ತಲಿಲ್ಲ. ಮೂವತ್ತು ವರ್ಷ ಆ ಒಂದು ಮಾತನ್ನು ಎದೆಯಲ್ಲಿಟ್ಟುಕೊಂಡೇ ಬದುಕಿದರು. ಈಗ ನೀವೂ ಅದನ್ನೇ ಅಚ್ಚು ಹಾಕಿಸಿದಿರಿ.

ಹಸಿರು ಶಾಯಿಯ ಮಾತು ಕೇಳಿದೆಯಲ್ಲ. ಅವರಿಗೆ ಬರೆಯುವ ಸ್ಥಿತಿ ಇಲ್ಲ. ಅದನ್ನು ಕೆದಕಬೇಡ.

ಅಕ್ಕ


ಏಪ್ರಿಲ್ ೬

ಅಕ್ಕ,

ಬರೆಯುವ ಮನಃಸ್ಥಿತಿ ಅವರಿಗಿಲ್ಲ ಎಂದು ನೀನು ಮೆತ್ತಗೆ ಹೇಳಿದ್ದು ಅರ್ಥವಾಯಿತು. ಅವರ ಕೋಪ ನ್ಯಾಯವೇ. ನನ್ನನ್ನು ಕಾಲೇಜಿಗೆ ಸೇರಿಸಿದವರು, ಮೊದಲ ಕೆಲಸಕ್ಕೆ ಚೀಟಿ ಬರೆದುಕೊಟ್ಟವರು ಅವರು. ಅವರ ಹೆಸರು ನಾನಿರುವ ಪತ್ರಿಕೆಯಲ್ಲೇ ಬಿಟ್ಟುಹೋದರೆ ಮುನಿಸಿಕೊಳ್ಳದೆ ಇನ್ನೇನು ಮಾಡುತ್ತಾರೆ? ಆದರೂ ಒಂದು ಸಾಲು ಬೈದು ಬರೆದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವರ ಮೌನ ತಡೆಯಲಾಗುತ್ತಿಲ್ಲ. ಕಚೇರಿಯಲ್ಲಿ ಕೂತಾಗಲೂ ಅದೇ ಯೋಚನೆ.

ಇದರ ಜೊತೆ ಒಂದು ಸಣ್ಣ ಪೊಟ್ಟಣ ಕಳಿಸಿದ್ದೇನೆ. ಅವರು ಬಳಸುವ ಹಸಿರು ಶಾಯಿ ಈಗ ಸುಲಭವಾಗಿ ಸಿಗುವುದಿಲ್ಲ, ಹಳೆಯ ಅಂಗಡಿಯೊಂದರ ಮೂಲೆಯಲ್ಲಿ ಒಂದು ಬಾಟಲಿ ಸಿಕ್ಕಿತು. ಕೋಪ ಇಳಿದಾಗ ಬಳಸಲಿ.

ಇನ್ನೊಂದು ವಿಷಯ. ಓದುಗರು ಆಕ್ಷೇಪಣೆ ಬರೆದರೆ ಒಂದು ಸಲ ಮರು ಎಣಿಕೆ ಮಾಡಬಹುದೆಂಬ ನಿಯಮ ನಮ್ಮಲ್ಲಿದೆ. ಈವರೆಗೆ ಯಾರೂ ಬರೆದಿರಲಿಲ್ಲ. ನಿನ್ನ ಮೊದಲ ಕಾಗದವನ್ನೇ ಆಕ್ಷೇಪಣೆ ಎಂದು ಸಂಪಾದಕರ ಮುಂದೆ ಇಟ್ಟೆ. ಮೊಸಳೆಯ ಸಾಲು ಓದಿ ನಕ್ಕರು, ಒಪ್ಪಿದರು. ಮೇ ಮೊದಲ ವಾರದಲ್ಲಿ ತೋರಿಸುತ್ತೇವೆ. ಹೆಚ್ಚು ಆಸೆ ಇಟ್ಟುಕೊಳ್ಳಬೇಡ. ಭಾವನಿಗೆ ಈಗಲೇ ಹೇಳಲೂ ಬೇಡ.

ತಮ್ಮ


ಏಪ್ರಿಲ್ ೨೧

ತಮ್ಮಾ,

ಶಾಯಿಯ ಬಾಟಲಿ ಬಂತು. ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದೇನೆ. ಬೆಳಗಿನ ಬಿಸಿಲು ಬಿದ್ದಾಗ ಗೋಡೆಯ ಮೇಲೆ ಒಂದು ಹಸಿರು ಚುಕ್ಕೆ ಮೂಡುತ್ತದೆ.

ಇನ್ನು ಮುಚ್ಚಿಡುವುದಿಲ್ಲ. ನಿನ್ನ ಭಾವನಿಗೆ ಜನವರಿಯಲ್ಲಿ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋಯಿತು. ಮಾತೂ ಹೋಯಿತು. ಆಸ್ಪತ್ರೆಯಿಂದ ಮನೆಗೆ ತಂದು, ನಾನು ಹೊಲಿಯುವ ಕೋಣೆಯಲ್ಲೇ ಮಂಚ ಹಾಕಿದ್ದೇನೆ. ಊಟ ಚಮಚದಲ್ಲಿ. ಕಣ್ಣು ತೆರೆದಿರುತ್ತದೆ, ಆದರೆ ಯಾವುದರ ಮೇಲೂ ನಿಲ್ಲುವುದಿಲ್ಲ. ದಿನಾ ಒಬ್ಬಳು ನರ್ಸ್ ಬರುತ್ತಾಳೆ, ಒಳ್ಳೆಯ ಹೆಣ್ಣು. ಹೆಸರು ಹಿಡಿದು ಕರೆಯುತ್ತಾಳೆ, ಕಣ್ಣಿಗೆ ಟಾರ್ಚು ಬಿಡುತ್ತಾಳೆ, ಅಂಗಾಲಿಗೆ ಗೀರುತ್ತಾಳೆ, ಅಲ್ಲಾಡಿದರೆ ಗುರುತು ಹಾಕುತ್ತಾಳೆ. ಈವರೆಗೆ ಒಂದು ಗುರುತೂ ಬಿದ್ದಿಲ್ಲ. ನಿಮ್ಮ ಬೆಂಚಿನವರ ಯಂತ್ರದ ಹಾಗೆಯೇ.

ಮಗಳು ರಜೆ ಹಾಕಿ ಬಂದಿದ್ದಾಳೆ. ಇಂಥವರನ್ನು ನೋಡಿಕೊಳ್ಳುವ ಒಂದು ಆಶ್ರಮದಲ್ಲಿ ಜಾಗ ಕೇಳಿ ಬಂದಿದ್ದಾಳೆ. "ಅಪ್ಪಂಗೆ ಏನೂ ಗೊತ್ತಾಗಲ್ಲಮ್ಮ. ನೀನು ಇಲ್ಲಿದ್ರೂ ಒಂದೇ, ಇಲ್ದಿದ್ರೂ ಒಂದೇ. ನಿನ್ನನ್ನ ನೋಡ್ಕೊಳ್ಳೋರು ಯಾರು?" ಅನ್ನುತ್ತಾಳೆ. ಅವಳು ಕಟುಕಿಯಲ್ಲ, ಹೆದರಿದ್ದಾಳೆ. ಹೆದರಿದಾಗ ಅವಳ ಮಾತು ಹಾಗೇ ಬರುವುದು. ನನಗೂ ಸೊಂಟ ಹಿಡಿದಿದೆ, ಎತ್ತಿ ಕೂರಿಸಲು ಆಗುತ್ತಿಲ್ಲ.

ನಿನಗೆ ಯಾಕೆ ಹೇಳಲಿಲ್ಲವೆಂದು ಕೇಳುತ್ತೀಯ. ಮೊದಮೊದಲು ಧೈರ್ಯ ಸಾಲಲಿಲ್ಲ. ಆಮೇಲೆ ನಿನ್ನ ಕಾಗದ ಬಂತು. ನಿನ್ನ ಕಾಗದದಲ್ಲಿ ಅವರು ಕೋಪ ಮಾಡಿಕೊಂಡಿದ್ದರು. ಮುಖ ಊದಿಸಿಕೊಂಡು ಒಂದು ಮೂಲೆಯಲ್ಲಿ ಕೂತಿದ್ದರು. ಕೋಪ ಮಾಡಿಕೊಳ್ಳುವಷ್ಟು ಚೆನ್ನಾಗಿದ್ದರು. ನಮ್ಮ ಇಡೀ ಬಳಗದಲ್ಲಿ ಅವರು ಹಾಗೆ ಉಳಿದಿದ್ದದ್ದು ನಿನ್ನೊಬ್ಬನ ಹತ್ತಿರ. ಅದನ್ನು ಕೆಡಿಸಲು ನನಗೆ ಮನಸ್ಸು ಬರಲಿಲ್ಲ.

ಈಗ ನನಗೆ ಬೇಕಾಗಿರುವುದು ಇಷ್ಟೇ. ಜನ ನಿದ್ದೆ ಹೋಗಿರಲಿಲ್ಲ ಎಂದು ಅವರಿಗೆ ಯಾರಾದರೂ ಹೇಳಬೇಕು, ಅವರು ಇರುವಾಗಲೇ. ಕೇಳಿಸುತ್ತದೋ ಇಲ್ಲವೋ ಅದು ಬೇರೆ ಮಾತು.

ಅಕ್ಕ


ಮೇ ೮

ಅಕ್ಕ,

ನಿನ್ನ ಕಾಗದ ಓದಿ ಎರಡು ವಾರ ಉತ್ತರ ಬರೆಯಲು ಕೂತು ಕೂತು ಎದ್ದೆ. ನಾನು ಮಾಡಿದ್ದನ್ನು ನೆನೆದರೆ ಮೈಯೆಲ್ಲ ಹಿಡಿಯಾಗುತ್ತದೆ. ಮಲಗಿದಲ್ಲೇ ಮಲಗಿದ ಮನುಷ್ಯನಿಗೆ ಕೋಪ ಇಳಿದಾಗ ಬರೆಯಲಿ ಎಂದು ಶಾಯಿ ಕಳಿಸಿದೆ. ಕ್ಷಮೆ ಕೇಳಲೂ ನಾಚಿಕೆಯಾಗುತ್ತಿದೆ. ಕೂಡಲೇ ಬರಬೇಕೆಂದಿದ್ದೆ, ಆದರೆ ಮರು ಎಣಿಕೆ ಮುಗಿಯದೆ ಬರಿಗೈಯಲ್ಲಿ ಹೇಗೆ ಬರಲಿ ಎಂದು ಉಳಿದೆ.

ಅದು ಮೊನ್ನೆ ಆಯಿತು. ಈ ಸಲ ಸಂಪಾದಕರನ್ನು ಕೇಳಿಕೊಂಡು ನಾನೂ ಬೆಂಚಿನ ಮೇಲೆ ಕೂತೆ. ಯಂತ್ರ ಮಾತ್ರ ಕೈಗೆ ತೆಗೆದುಕೊಳ್ಳಲಿಲ್ಲ. ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಚಿತ್ರಮಂದಿರ ಮುಕ್ಕಾಲು ತುಂಬಿತ್ತು. ಮೊದಲರ್ಧ ಎಲ್ಲ ಕಡೆ ಆಗುವ ಹಾಗೆಯೇ. ಮಾತು, ಕೆಮ್ಮು, ಕುರ್ಚಿಯ ಕಿರ್ರು ಶಬ್ದ. ಎರಡನೇ ಸಾಲಿನಲ್ಲಿ ಒಬ್ಬ ದಪ್ಪನೆಯ ಮನುಷ್ಯ ಕಡಲೆಕಾಯಿ ಸುಲಿದು ಬಾಯಿಗೆ ಎಸೆದುಕೊಳ್ಳುತ್ತಿದ್ದ. ಅವನ ಹಿಂದೆ ಒಬ್ಬ ಅಜ್ಜಿ ಕಾಗದ ಮಡಿಸಿ ಗಾಳಿ ಹಾಕಿಕೊಳ್ಳುತ್ತಿದ್ದರು. ನನ್ನ ಬೆನ್ನ ಹಿಂದೆ ಸಂಗೀತ ನಿಂತಿತು. ಹಗ್ಗ ಬಿಚ್ಚಿಕೊಂಡಿರಬೇಕೆಂದು ಅದರಿಂದಲೇ ಗೊತ್ತಾಯಿತು. ಪಕ್ಕದವರ ಯಂತ್ರಗಳಿಂದ ಒಂದು ಟಕ್ಕೂ ಬರಲಿಲ್ಲ.

ಒತ್ತಲು ಗುಂಡಿ ಇಲ್ಲದಿದ್ದರಿಂದ ನಾನು ಅಲ್ಲಾಡುವವರನ್ನು ಹುಡುಕಲಿಲ್ಲ. ಸುಮ್ಮನೆ ಮುಖಗಳನ್ನು ನೋಡಿದೆ. ಆ ದಪ್ಪ ಮನುಷ್ಯನ ಕೈ ಬಾಯಿಯ ತನಕ ಬಂದು ಅಲ್ಲೇ ನಿಂತಿತ್ತು. ಬೆರಳ ನಡುವೆ ಕಡಲೆಕಾಳು ಕಾಣುತ್ತಿತ್ತು. ಅಜ್ಜಿಯ ಕಾಗದ ಗಾಳಿಯಲ್ಲೇ ನಿಂತಿತ್ತು. ಒಬ್ಬ ತಾಯಿ ತೊಡೆಯ ಮೇಲಿನ ಮಗುವಿನ ಬೆನ್ನು ತಟ್ಟುತ್ತಿದ್ದವಳು ತಟ್ಟುವುದನ್ನು ಬಿಟ್ಟಿದ್ದಳು. ಆಮೇಲೆ ಇನ್ನೊಂದು ಗಮನಕ್ಕೆ ಬಂತು: ಕೆಮ್ಮು ಇರಲಿಲ್ಲ. ಅಕ್ಕ, ಚಿತ್ರಮಂದಿರದಲ್ಲಿ ಯಾರಾದರೊಬ್ಬರು ಕೆಮ್ಮುತ್ತಲೇ ಇರುತ್ತಾರೆ. ದೆವ್ವ ಬಂದರೂ ಕೆಮ್ಮುತ್ತಾರೆ, ರೈಲು ಉರುಳಿದರೂ ಕೆಮ್ಮುತ್ತಾರೆ. ಕೆಮ್ಮಿಲ್ಲದ ಚಿತ್ರಮಂದಿರವನ್ನು ನಾನು ಅವತ್ತಿನವರೆಗೆ ಕೇಳಿರಲಿಲ್ಲ.

ಕೊನೆಗೆ ಹಿಂದಿನಿಂದ ಗಗನಯಾತ್ರಿಯ ಉಸಿರು ಕೇಳಿತು. ಎದುರಿಗಿದ್ದ ಅಷ್ಟೂ ಜನ ಒಟ್ಟಿಗೆ ಉಸಿರು ಬಿಟ್ಟರು. ಅದು ನನ್ನ ಮುಖಕ್ಕೆ ಬಂದು ತಾಗಿತು. ನನಗೆ ಅಳು ಬಂತು, ಅದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ.

ಎಣಿಕೆ ಮತ್ತೆ ಎಲ್ಲಕ್ಕಿಂತ ಕಡಿಮೆಯೇ ಬಂತು. ಸಂಪಾದಕರಿಗೆ ಕಂಡದ್ದನ್ನೆಲ್ಲ ಹೇಳಿದೆ. ಉಳಿದ ವಿಜ್ಞಾನ ಕಥೆಗಳಿಗೂ ಹೀಗೇ ಆಗಿರಬೇಕು, ಬೆಚ್ಚಿದವರನ್ನು ಎಣಿಸಿದೆವು, ಬೆರಗಾಗಿ ಉಸಿರು ಹಿಡಿದವರನ್ನು ಬಿಟ್ಟೆವು ಎಂದೆ. ಅವರು ಕೇಳಿಸಿಕೊಂಡರು. "ನೀವು ಹೇಳೋದು ನಿಜಾನೇ ಇರ್ಬಹುದು. ಆದ್ರೆ ಅಲ್ಲಾಡದೆ ಕೂತವನು ನಿದ್ದೆ ಹೋಗಿದಾನೋ, ಉಸಿರು ಹಿಡಿದಿದಾನೋ, ಯಂತ್ರಕ್ಕೆ ಹೇಗ್ರೀ ಗೊತ್ತಾಗ್ಬೇಕು?" ಅಂದರು. ಯಂತ್ರಕ್ಕೆ ಗೊತ್ತಾಗುವುದಿಲ್ಲ, ಮುಖ ನೋಡಿದರೆ ಗೊತ್ತಾಗುತ್ತದೆ ಎಂದೆ. ಮುಖವನ್ನು ಅಂಕಿಯಲ್ಲಿ ಬರೆಯಲು ಆಗುವುದಿಲ್ಲ ಎಂದರು. ಪಟ್ಟಿ ಬದಲಾಗಲಿಲ್ಲ. ನೀನು ಕೇಳಿದ್ದನ್ನು ನನ್ನಿಂದ ಕೊಡಿಸಲಾಗಲಿಲ್ಲ.

ಆದರೆ ಈ ಕಾಗದವನ್ನು ಭಾವನಿಗೆ ಓದಿ ಹೇಳು. ಎರಡು ಸಲ ಓದಿಕೊಂಡು ಬಾಯಿಪಾಠ ಮಾಡಿಕೊ. ಹೇಳುವಾಗ ಕಾಗದ ನೋಡಬೇಡ, ಅವರ ಮುಖ ನೋಡು.

ತಮ್ಮ


ಮೇ ೨೦

ತಮ್ಮಾ,

ನಿನ್ನ ಅಕ್ಷರ ಓದಿ ಬಾಯಿಪಾಠ ಮಾಡುವುದಕ್ಕಿಂತ ನಕ್ಷತ್ರ ಚುಚ್ಚುವುದೇ ಸುಲಭವಿತ್ತು. ಆದರೂ ಮಾಡಿದೆ.

ಮೊದಲು ನನ್ನ ಕೋಣೆಯ ಸಂಗತಿ ಹೇಳಬೇಕು. ಹೊಲಿಗೆ ಯಂತ್ರ ಕಿಟಕಿಯ ಕಡೆ ಇದೆ, ಬೆಳಕಿಗಾಗಿ. ಮಂಚ ನನ್ನ ಹಿಂದೆ. ಜನವರಿಯಿಂದ ದಿನವಿಡೀ ಅವರ ಜೊತೆ ಮಾತಾಡುತ್ತಲೇ ಹೊಲಿಯುತ್ತಿದ್ದೆ, ಅವರಿಗೆ ಬೆನ್ನು ಹಾಕಿಕೊಂಡು. ನಿನ್ನನ್ನು ಅಷ್ಟೆಲ್ಲ ಆಡಿಕೊಂಡವಳು ನಾನೇ. ಇದು ಹೊಳೆದಾಗ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ಮಂಚದ ಕಡೆ ತಿರುಗಿದೆ.

ಅವರ ಎಡಗೈಯ ಎರಡು ಬೆರಳು ಸದಾ ಹೊದಿಕೆಯ ಅಂಚನ್ನು ಉಜ್ಜುತ್ತಿರುತ್ತವೆ. ಎಚ್ಚರವಿರುವಷ್ಟು ಹೊತ್ತೂ ಅದೇ. ಅದು ನರದ ಆಟ, ಅದಕ್ಕೆ ಅರ್ಥವಿಲ್ಲ ಎಂದು ನರ್ಸ್ ಹೇಳಿದ್ದಳು. ನಾನೂ ಅದನ್ನು ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ. ಸ್ಟೂಲು ಎಳೆದುಕೊಂಡು ಎದುರಿಗೆ ಕೂತು ಹೇಳಲು ಶುರುಮಾಡಿದೆ. ಕಡಲೆಕಾಯಿಯವನ ಕೈ ಬಾಯಿಯ ಹತ್ತಿರ ನಿಂತಿತು ಎಂದೆ. ಅವರ ಬೆರಳು ನಿಂತಿತು. ನಿಲ್ಲಿಸದೆ ಹೇಳುತ್ತ ಹೋದೆ. ಅಜ್ಜಿಯ ಕಾಗದ, ಮಗುವಿನ ಬೆನ್ನು, ಕೆಮ್ಮು. ಬೆರಳು ಅಲ್ಲಾಡಲಿಲ್ಲ. ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು ಎಂದೆ. ಅವರೂ ಉದ್ದಕ್ಕೆ ಒಂದು ಉಸಿರು ಬಿಟ್ಟರು. ಆಮೇಲೆ ಬೆರಳು ಮತ್ತೆ ಅಂಚು ಉಜ್ಜತೊಡಗಿತು.

ಮಗಳನ್ನು ಕರೆದೆ. ಅವಳು ನಂಬಲಿಲ್ಲ. ಮಾರನೇ ದಿನ ಅವಳನ್ನೇ ಎದುರಿಗೆ ಕೂರಿಸಿ, ಮೊದಲು ಹಾಲಿನವನ ಜಗಳದ ಕಥೆ ಹೇಳಿದೆ. ಬೆರಳು ತನ್ನ ಪಾಡಿಗೆ ಉಜ್ಜುತ್ತಿತ್ತು. ನನ್ನ ಜಗಳದ ಕಥೆಗಳಿಗೆ ಅವರು ಆಗಲೂ ಕಿವಿ ಕೊಡುತ್ತಿರಲಿಲ್ಲ. ಆಮೇಲೆ ಹಗ್ಗದ ಭಾಗ ಹೇಳಿದೆ. ನಿಂತಿತು. ಮಗಳು ಬಾಗಿ ಆ ಬೆರಳುಗಳನ್ನೇ ನೋಡುತ್ತಿದ್ದಳು. "ಅಮ್ಮ, ಅಪ್ಪ ಕೇಳಿಸ್ಕೊಳ್ತಿದಾರೆ" ಅಂದಳು. ಸಂಜೆ ಆಶ್ರಮಕ್ಕೆ ಫೋನು ಮಾಡಿ ಜಾಗ ಬೇಡವೆಂದಳು. ಯಂತ್ರವನ್ನು ಮಂಚದ ಕಡೆಗೆ ತಿರುಗಿಸಿದವಳೂ ಅವಳೇ. ಈಗ ಬೆಳಕು ನನ್ನ ಬೆನ್ನಿಗೆ ಬೀಳುತ್ತದೆ, ಸೂಜಿಗೆ ದಾರ ಪೋಣಿಸುವುದು ಕಷ್ಟ, ಆಗಲಿ.

ಅವರಿಗೆ ವಿಷಯ ಮುಟ್ಟಿತು, ತಮ್ಮಾ. ಯಾರೂ ನಿದ್ದೆ ಹೋಗಿರಲಿಲ್ಲ ಎಂದು ಗೊತ್ತಾಯಿತು. ಪಟ್ಟಿ ಬದಲಾಗದಿದ್ದರೆ ಅದರ ಹಣೆಬರಹ. ರೀಲು ಹೋಗುವುದಕ್ಕೆ ಮಾತ್ರ ನನ್ನ ಹೊಟ್ಟೆ ಉರಿಯುತ್ತದೆ.

ಅಕ್ಕ


ಜೂನ್ ೪

ಅಕ್ಕ,

ಅವಸರದಲ್ಲಿ ಬರೆಯುತ್ತಿದ್ದೇನೆ. ಗೋದಾಮಿಗೆ ನಾನೇ ಹೋದೆ. ಕಸಕ್ಕೆ ಹೋಗುವುದನ್ನು ಯಾರಾದರೂ ಒಯ್ದರೆ ಅಡ್ಡಿಯಿಲ್ಲ ಎಂದು ಕಾವಲಿನವರು ಹೇಳಿದರು. ಭಾವನ ಸಿನಿಮಾದ ಡಬ್ಬಗಳನ್ನು ಆಟೋದಲ್ಲಿ ಹೇರಿಕೊಂಡು ನನ್ನ ಕೋಣೆಗೆ ತಂದೆ. ಮನೆಯೆಲ್ಲ ಹಳೆಯ ಫಿಲ್ಮಿನ ಹುಳಿ ವಾಸನೆ, ಪಕ್ಕದ ಮನೆಯವರು ಮೂಗು ಮುಚ್ಚಿಕೊಂಡು ಬಂದು ವಿಚಾರಿಸಿದರು. ಮರು ಎಣಿಕೆ ಮುಗಿದ ಮೇಲೆ ಡಬ್ಬಗಳನ್ನು ಗೋದಾಮಿನ ಅಂಗಳದಲ್ಲಿ ಬಿಟ್ಟಿದ್ದರಂತೆ, ಮಳೆ ನೀರು ನುಗ್ಗಿ ಹೆಚ್ಚಿನ ರೀಲುಗಳು ಅಂಟಿಕೊಂಡು ಗಟ್ಟಿಯಾಗಿವೆ, ಬಿಚ್ಚಲು ಬರುವುದಿಲ್ಲ. ಹಗ್ಗದ ಭಾಗದ ರೀಲು ಮಾತ್ರ ಒಣ ಡಬ್ಬದಲ್ಲಿತ್ತು, ಬಹುಮಟ್ಟಿಗೆ ಚೆನ್ನಾಗಿದೆ. ಒಂದು ಹಳೆಯ ಪ್ರೊಜೆಕ್ಟರ್ ಕೇಳಿಕೊಂಡಿದ್ದೇನೆ. ಮುಂದಿನ ವಾರ ಎರಡನ್ನೂ ಹೊತ್ತುಕೊಂಡು ಬರುತ್ತೇನೆ. ಮಂಚದ ಎದುರಿನ ಗೋಡೆ ಖಾಲಿ ಮಾಡಿಸು.

ಪಟ್ಟಿಯನ್ನು ಪುಸ್ತಕವಾಗಿ ತರುತ್ತಿದ್ದಾರೆ. ಅದರ ಕೆಳಗೆ ಒಂದು ಸಾಲು ಸೇರಿಸಲು ಸಂಪಾದಕರು ಒಪ್ಪಿದ್ದಾರೆ: 'ಇಲ್ಲಿ ಎಣಿಸಿರುವುದು ಅಲ್ಲಾಡಿದವರನ್ನು ಮಾತ್ರ. ಅಲ್ಲಾಡದೆ ಕೂತವರನ್ನು ಎಣಿಸುವ ಕ್ರಮ ನಮಗೆ ತಿಳಿಯದು.' ಸಣ್ಣ ಅಕ್ಷರದಲ್ಲಿ ಹಾಕುತ್ತಾರಂತೆ.

ತಮ್ಮ


ಜೂನ್ ೨೩

ತಮ್ಮಾ,

ಈ ಕಾಗದ ಹಸಿರಾಗಿದೆ ಎಂದು ಗಾಬರಿಯಾಗಬೇಡ. ಶಾಯಿ ಒಣಗಿಹೋಗುವುದು ಬೇಡವೆಂದು ನಾನೇ ಬಾಟಲಿ ತೆರೆದೆ. ಇನ್ನು ನಿನ್ನ ಭಾವನ ಕೈ ಬರೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅವರು ಇನ್ನಷ್ಟು ಇಳಿದಿದ್ದಾರೆ, ಗಂಜಿಯೂ ಸರಿಯಾಗಿ ಇಳಿಯುತ್ತಿಲ್ಲ. ಹೆಚ್ಚು ಕಾಲ ಇಲ್ಲವೆಂದು ನಮಗೆ ಅರ್ಥವಾಗಿದೆ. ನಾನು ಮತ್ತು ಮಗಳು ಅದರ ಬಗ್ಗೆ ಮಾತಾಡಿಕೊಂಡೆವು, ಅತ್ತೆವು, ಅಡುಗೆ ಮಾಡಿದೆವು.

ನೀನು ಬಂದು ಹೋದ ದಿನದ್ದೇ ಯೋಚನೆ. ಪ್ರೊಜೆಕ್ಟರ್ ಕರಕರ ಎಂದು ಶುರುವಾಗಿ ಗೋಡೆಯ ಮೇಲೆ ನನ್ನ ತೂತುಗಳು ಮಿನುಗಿದಾಗ ನನಗೆ ಹರೆಯ ಮರಳಿದಂತಾಯಿತು. ಅಂಗಿಯ ಎಡ ಭುಜದ ಹೊಲಿಗೆ ವಕ್ರವಾಗಿದೆ, ಮೂವತ್ತು ವರ್ಷದಿಂದ ಅದು ಹಾಗೇ ಇದೆಯಲ್ಲ ಎಂದು ಕಸಿವಿಸಿಯಾಯಿತು. ಆಮೇಲೆ ಹಗ್ಗ ಜಾರಿತು. ನಾನೇ ಹೊಲಿದ ಅಂಗಿ, ನಾನೇ ಚುಚ್ಚಿದ ಆಕಾಶ, ಆದರೂ ಮಗಳ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೆಂದರೆ ಅವಳ ಕೈಯಲ್ಲಿ ಬಳೆಯ ಗುರುತು ಮೂಡಿತ್ತು. ಅವರ ಬೆರಳು ನಿಂತದ್ದನ್ನು ನಾನು ನೋಡಲಿಲ್ಲ. ನೀನು ಹೇಳಿದ ಮೇಲೆಯೇ ಗೊತ್ತಾಯಿತು.

ಆ ಮಾತಿಗೇ ಬರುತ್ತಿದ್ದೇನೆ. ಅದನ್ನು ನೀನು ನೋಡಿದ್ದು ಹೇಗೆ? ಗೋಡೆಗೆ ಬೆನ್ನು ಹಾಕಿ, ನೆಲದ ಮೇಲೆ ಕೂತು, ಉದ್ದಕ್ಕೂ ನಮ್ಮ ಮೂವರ ಮುಖ ನೋಡುತ್ತಿದ್ದೆಯಲ್ಲ, ಅದಕ್ಕೆ. ನೀನು ಹೋದ ಮೇಲೆ ನನಗೆ ಹೊಳೆಯಿತು. ಎರಡು ಸಲ ಆ ಸಿನಿಮಾದ ಮುಂದೆ ಕೂತಿದ್ದೀಯ, ಅದಕ್ಕಾಗಿ ಕಚೇರಿಯಲ್ಲಿ ವಾದ ಮಾಡಿದ್ದೀಯ, ಡಬ್ಬ ಹೊತ್ತಿದ್ದೀಯ. ನೋಡಿಲ್ಲ. ನಿನ್ನ ಭಾವನ ಸಿನಿಮಾವನ್ನು ನೀನು ಇನ್ನೂ ನೋಡಿಲ್ಲ.

ರೀಲು ನಿನ್ನ ಹತ್ತಿರವೇ ಇದೆ. ಒಂದು ಸಲ ತಿರುಗಿ ಕೂತು ನೋಡು. ನೋಡಿ ನನಗಲ್ಲ, ಅವರಿಗೆ ಬರೆ. ಬೇಗ ಬರೆ.

ಅಕ್ಕ


ಜುಲೈ ೨

ಭಾವ,

ಇದು ನಿಮಗೇ ಬರೆದ ಕಾಗದ. ಓದುವವಳು ಅಕ್ಕ. ನಡುವೆ ತನ್ನದೇನಾದರೂ ಸೇರಿಸಿದರೆ ಅದರಲ್ಲಿ ಅರ್ಧ ನಂಬಿ.

ನಿನ್ನೆ ಕಚೇರಿಗೆ ಹೋಗಲಿಲ್ಲ. ಕಿಟಕಿಗೆ ಕಂಬಳಿ ಕಟ್ಟಿದೆ, ಚಹಾ ಮಾಡಿಕೊಂಡೆ, ಪ್ರೊಜೆಕ್ಟರ್ ಶುರುಮಾಡಿ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ ಕೂತೆ. ಅಭ್ಯಾಸ ಬಿಡಲಿಲ್ಲ. ಎರಡು ಮೂರು ಸಲ ಹಿಂದಕ್ಕೆ ತಿರುಗಿ ನೋಡಿದೆ. ಹಿಂದೆ ಇದ್ದದ್ದು ನನ್ನ ಮಂಚ ಮತ್ತು ಒಣಗಲು ಹಾಕಿದ ಅಂಗಿ.

ಆಮೇಲೆ ಹಗ್ಗ ಜಾರಿತು.

ಭುಜದ ಹೊಲಿಗೆ ವಕ್ರವಿದೆಯೋ ಇಲ್ಲವೋ ನಾನು ಕಾಣೆ, ಅತ್ತ ಕಣ್ಣು ಹೋಗಲಿಲ್ಲ. ನಕ್ಷತ್ರಗಳು ಅಕ್ಕನ ಸೂಜಿಯ ತೂತುಗಳೆಂದು ಗೊತ್ತಿದ್ದೂ ಮರೆತೆ. ಅವನು ದೂರ ದೂರ ಹೋಗುತ್ತಿದ್ದ. ಗಾಜಿನ ಒಳಗೆ ಅವನ ಬಾಯಿ ಆಡುತ್ತಿತ್ತು. ಕೂಗುತ್ತಿದ್ದ, ಯಾರಿಗೂ ಕೇಳಿಸುತ್ತಿರಲಿಲ್ಲ. ನೌಕೆಯ ದೀಪಗಳೆಲ್ಲ ಉರಿಯುತ್ತಿದ್ದವು, ಒಳಗಿದ್ದವರು ಅವನಿಗೆ ಬೆನ್ನು ಹಾಕಿ ತಮ್ಮ ತಮ್ಮ ಕೆಲಸ ಮಾಡುತ್ತಿದ್ದರು. ಇದನ್ನು ನೀವು ಮೂವತ್ತು ವರ್ಷದ ಹಿಂದೆ ಹೇಗೆ ತಿಳಿದುಕೊಂಡಿರಿ ಭಾವ? ನಾನು ಈ ವರ್ಷ ತಿಳಿದುಕೊಂಡೆ.

ಅವನ ಕೈಗೆ ಕೊಕ್ಕೆ ಸಿಕ್ಕಿತು. ಉಸಿರು ಕೇಳಿಸಿತು. ರೀಲು ಮುಗಿದು ಗೋಡೆ ಬೆಳ್ಳಗಾಯಿತು.

ನನ್ನ ಎದುರಿಗೆ ಯಾರೂ ಬೆಂಚು ಹಾಕಿಕೊಂಡು ಕೂತಿರಲಿಲ್ಲ. ಹಾಗಾಗಿ ಅಷ್ಟು ಹೊತ್ತು ನಾನು ಏನು ಮಾಡಿದೆ ಎಂದು ಹೇಳುವವರಿಲ್ಲ. ಒಂದು ಮಾತ್ರ ನಾನೇ ಹೇಳಬಲ್ಲೆ. ದೀಪ ಹಾಕಿದಾಗ ಚಹಾದ ಲೋಟ ಕೈಯಲ್ಲೇ ಇತ್ತು, ತುಟಿಯ ಹತ್ತಿರ. ಚಹಾ ಪೂರ್ತಿ ಆರಿತ್ತು. ಒಂದು ಗುಟುಕೂ ಕುಡಿದಿರಲಿಲ್ಲ.

ನಿಮ್ಮ ಗೂಬೆ